ಹೂಬಳ್ಳಿ ಅಂಚಿನ ಸಮ್ಮತಿ ಪತ್ರ

ಚರಂಡಿ ಬಿಡಿಸುವ ವಿಡಿಯೋ ನೋಡುವ ಚಟ ನನಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಯಾವುದೋ ದೂರದ ದೇಶ. ಮಳೆ ಬಂದು ರಸ್ತೆಯಲ್ಲಿ ಮೊಣಕಾಲಿನವರೆಗೆ ನೀರು. ಒಬ್ಬ ಮನುಷ್ಯ ತುದಿಯಲ್ಲಿ ಹಲ್ಲುಗಳಿರುವ ಉದ್ದ ಕೋಲು ಹಿಡಿದು ಬರುತ್ತಾನೆ, ಚರಂಡಿಯ ಬಾಯಿಗೆ ಸಿಕ್ಕಿಕೊಂಡ ಎಲೆ, ಪ್ಲಾಸ್ಟಿಕ್ಕು ಎಲ್ಲವನ್ನೂ ಎಳೆದು ಹಾಕುತ್ತಾನೆ, ನೀರು ಗುಳುಗುಳು ಎಂದು ಸುಳಿ ತಿರುಗಿ ಇಳಿದು ಹೋಗುತ್ತದೆ. ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಒಂದು ಮುಗಿದರೆ ಇನ್ನೊಂದು ತಾನಾಗಿ ಶುರು. ಹೀಗೆ ಬಾಯಿ ತೆರೆದುಕೊಂಡು ಒಂದೂವರೆ ಗಂಟೆ ಕೂತದ್ದುಂಟು. "ನಮ್ಮ ಗೇಟಿನೆದುರು ನೀರು ನಿಂತದ್ದು ನಿನಗೆ ಕಾಣುದಿಲ್ಲ, ಅಲ್ಲಿಯದ್ದು ಕಾಣ್ತದೆ" ಎಂದು ಅಮ್ಮ ಹಿಂದಿನಿಂದ ಹೇಳಿದರೆ, ಕಿವಿಯಲ್ಲಿ ಹೆಡ್‌ಫೋನ್ ಇದೆಯಲ್ಲ, ಕೇಳಿಸಲಿಲ್ಲ ಎಂದು ನಟಿಸುತ್ತಿದ್ದೆ.

ಇದೇ ಕಂಪ್ಯೂಟರಿನ ಎದುರು ಕೂತು ನಾನು ಒಬ್ಬ ಹೆಂಗಸಿನ ಮರ್ಯಾದೆ ತೆಗೆದೆ. ಅದನ್ನು ಬರೆಯಲೆಂದು ಕೂತವನು ಚರಂಡಿಯ ಸುದ್ದಿ ಹೇಳುತ್ತಾ ಹೊತ್ತು ಕಳೆಯುತ್ತಿದ್ದೇನೆ. ನಾಚಿಕೆಯ ವಿಷಯ ಹೇಳಬೇಕಾದವರೆಲ್ಲ ಹೀಗೆಯೇ ಊರೆಲ್ಲ ಸುತ್ತಿ ಬರುತ್ತಾರೆ ಎಂದು ಕಾಣುತ್ತದೆ.

ಬಂದ್ಯೋಡಿನ ಪೇಟೆಯಲ್ಲಿ ನನಗೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಭೂತದ ಕೋಲದ ಹ್ಯಾಂಡ್‌ಬಿಲ್ಲು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಚುನಾವಣೆ ಬಂದರೆ ಎಲ್ಲ ಪಕ್ಷದವರ ನೋಟೀಸು. ಜನ ಮೊಬೈಲಿನಲ್ಲೇ ಕಾಗದ ಮಾಡಿ ಮೊಬೈಲಿನಲ್ಲೇ ಕಳಿಸಲು ಕಲಿತರು. ಹೆದ್ದಾರಿ ಅಗಲ ಮಾಡುವಾಗ ಆ ಕಟ್ಟಡವೂ ಹೋಯಿತು. ಕಂಪ್ಯೂಟರು, ಪ್ರಿಂಟರು, ಸ್ಕ್ಯಾನರು ಮೂರನ್ನೂ ಮನೆಗೆ ತಂದು ಚಾವಡಿಯ ಮೂಲೆಯಲ್ಲಿ ಜೋಡಿಸಿದೆ. ಮದುವೆಯಾಗದ ನಾನು, ಮೊಣಕಾಲು ನೋವಿನ ಅಮ್ಮ, ಈ ಕಂಪ್ಯೂಟರು, ಒಟ್ಟು ಮನೆಯಲ್ಲಿ ಮೂರು ಜನ ಎಂದು ಮಂಗಳೂರಿನಲ್ಲಿರುವ ತಂಗಿ ತಮಾಷೆ ಮಾಡುತ್ತಾಳೆ. ಮೂರನೆಯವರಿಗೇ ಹೆಚ್ಚು ಚಾಕರಿ ಎಂದೂ ಸೇರಿಸುತ್ತಾಳೆ. ಸುತ್ತಮುತ್ತಲಿನವರು ಆಧಾರ್ ಕಾರ್ಡಿನ ಪ್ರಿಂಟಿಗೆ, ಅರ್ಜಿಯ ಪ್ರತಿಗೆ ಬರುತ್ತಾರೆ. ಉಳಿದ ಹೊತ್ತಿನಲ್ಲಿ ನಾನೊಂದು ಚಾನೆಲ್ ಶುರು ಮಾಡಿದ್ದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಹೇಗೆ, ಹಳೆಯ ಫಾಂಟಿನಲ್ಲಿ ಮಾಡಿದ್ದನ್ನು ಹೊಸದಕ್ಕೆ ತರುವುದು ಹೇಗೆ ಎಂಬಂಥ ಪಾಠಗಳು. ನೋಡುವವರು ನಾನು, ತಂಗಿ, ಮತ್ತೆ ದಾರಿ ತಪ್ಪಿ ಬಂದ ನಾಲ್ಕು ಜನ.

ನನ್ನ ಇನ್ನೊಂದು ಗುಣವನ್ನೂ ಹೇಳಬೇಕು. ಕನ್ನಡದ ವಿಷಯದಲ್ಲಿ ನನಗೆ ಮೂಗಿನ ಮೇಲೆ ಸಿಟ್ಟು. ಆಡಳಿತವೆಲ್ಲ ಮಲಯಾಳದಲ್ಲಿ ನಡೆಯುವ ಈ ಗಡಿನಾಡಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇದು ಹೊಸತಲ್ಲ. ಪಂಚಾಯತಿನಿಂದ, ವಿಲೇಜ್ ಆಫೀಸಿನಿಂದ ಬರುವ ಕಾಗದ ಮಲಯಾಳದಲ್ಲಿದ್ದರೆ ನಾನು ಮುಟ್ಟುವುದಿಲ್ಲ. ಕನ್ನಡದಲ್ಲಿ ಕೊಡಿ, ಅದು ನಮ್ಮ ಹಕ್ಕು ಎನ್ನುತ್ತೇನೆ. ಹಕ್ಕು ಹೌದು, ಸುಳ್ಳಲ್ಲ. ಆದರೆ ಬಂದ್ಯೋಡಿನಲ್ಲಿ ಇಪ್ಪತ್ತು ವರ್ಷ ಅಂಗಡಿ ಇಟ್ಟವನಿಗೆ ಮಲಯಾಳ ಓದಲು ಬಾರದೆ ಇರುತ್ತದೆಯೇ? ಮಲಯಾಳದ ಮದುವೆ ಕಾಗದವನ್ನು ಒಂದು ತಪ್ಪಿಲ್ಲದೆ ಟೈಪು ಮಾಡಿ ಕೊಟ್ಟವನು ನಾನು. ಓದಲು ಬರುವುದಿಲ್ಲ ಎನ್ನುವುದು ಆಫೀಸಿನಲ್ಲಿ ಜಗಳ ಮಾಡುವಾಗ ಮಾತ್ರ.

ನಮ್ಮ ವಾರ್ಡಿನ ಮೆಂಬರ್ ನಮ್ಮಿಂದ ನಾಲ್ಕು ಮನೆ ಆಚೆಯ ಹೆಂಗಸು. ತಂಗಿಯ ಜೊತೆ ಶಾಲೆಗೆ ಹೋದವಳು. ಬೀಡಿ ಕಟ್ಟುತ್ತಿದ್ದಳು. ಆಮೇಲೆ ಉದ್ಯೋಗ ಖಾತರಿ ಕೆಲಸಕ್ಕೆ ಸೇರಿ, ಅಲ್ಲಿ ಉಳಿದ ಹೆಂಗಸರ ಹಾಜರಿ ತೆಗೆಯುವ ಮೇಟ್ ಆದಳು. ವಾರ್ಡು ಮಹಿಳೆಯರಿಗೆ ಮೀಸಲಾದಾಗ ಪಕ್ಷದವರು ಒತ್ತಾಯ ಮಾಡಿ ನಿಲ್ಲಿಸಿದರು, ಗೆದ್ದಳು. ಅಲ್ಲಿಯವರೆಗೆ ನೀನು ಎನ್ನುತ್ತಿದ್ದ ನಾನು ಅಂದಿನಿಂದ ನೀವು ಎನ್ನತೊಡಗಿದೆ. ಆಕೆಗೆ ನಾನು ಮೊದಲೂ ಅಣ್ಣ, ಮತ್ತೆಯೂ ಅಣ್ಣ.

ಮುಖ್ಯ ರಸ್ತೆಯಿಂದ ನಮ್ಮ ಮನೆಗೆ ಬರುವ ದಾರಿ ಎಂದರೆ ಎರಡು ಕೆಂಪುಕಲ್ಲಿನ ಗೋಡೆಗಳ ನಡುವಿನ ಓಣಿ. ಬೈಕು ಬರುತ್ತದೆ, ರಿಕ್ಷಾ ಬರುವುದಿಲ್ಲ. ಮಳೆಗಾಲದಲ್ಲಿ ಅದು ದಾರಿಯೇ ಅಲ್ಲ, ನೀರು ಹರಿಯುವ ತೋಡು. ಅಗಲ ಮಾಡಿ ಕಾಂಕ್ರೀಟು ಹಾಕಬೇಕಾದರೆ ಬದಿಯ ಮನೆಯವರೆಲ್ಲ ಮೂರು ಮೂರು ಅಡಿ ಜಾಗ ಬಿಡಬೇಕು, ಬಿಟ್ಟಿದ್ದೇವೆ ಎಂದು ಪಂಚಾಯತಿಗೆ ಬರೆದು ಸಹಿ ಹಾಕಿ ಕೊಡಬೇಕು. ಒಂದು ಮನೆಯವರು ಕೊಡದಿದ್ದರೂ ಫೈಲು ಮುಂದೆ ಹೋಗುವುದಿಲ್ಲ.

ಆ ಸಹಿಗೆಂದು ಆಕೆ ಒಂದು ಬೆಳಿಗ್ಗೆ ಬಂದಳು. ಅಮ್ಮ ಹಿತ್ತಿಲಲ್ಲಿ ಬಸಳೆ ಚಪ್ಪರದ ಬುಡದಲ್ಲಿದ್ದಳು.

"ಅಣ್ಣ, ದಾರಿಯ ಸಮ್ಮತಿ ಪತ್ರ. ಅಮ್ಮನ ಸಹಿ ಬೇಕಿತ್ತು. ಜಾಗ ಅವರ ಹೆಸರಲ್ಲಿ ಉಂಟಲ್ಲ?"

ಕಾಗದ ತೆಗೆದು ನೋಡಿದೆ. ಮಲಯಾಳ.

"ಇದು ಎಂತ? ಕನ್ನಡದಲ್ಲಿ ಇಲ್ವಾ?"

"ಆಫೀಸಲ್ಲಿ ಇದ್ದದ್ದು ಇದುವೇ ಅಣ್ಣ. ಬೇಕಾದ್ರೆ ಓದಿ ಹೇಳ್ತೇನೆ."

"ಓದಿ ಹೇಳುದೆಲ್ಲ ಬೇಡ. ನೀವು ಕನ್ನಡ ಶಾಲೆಯಲ್ಲಿ ಕಲಿತವರು. ನೀವೇ ಹೀಗೆ ಸುಮ್ಮನೆ ಕೂತ್ರೆ ನಮ್ಮ ಮಕ್ಕಳ ಗತಿ ಎಂತ?"

ನನಗೆ ಮಕ್ಕಳಿಲ್ಲ ಎಂಬುದು ಆ ಭಾಷಣದ ಭರದಲ್ಲಿ ನೆನಪಾಗಲಿಲ್ಲ. ಕಾಲು ಗಂಟೆ ಮಾತಾಡಿದೆ. ಆಕೆ ಫೈಲನ್ನು ಎದೆಗೆ ಒತ್ತಿಕೊಂಡು ನಿಂತೇ ಕೇಳಿದಳು, ಕೂತುಕೊಳ್ಳಿ ಎಂದು ನಾನು ಹೇಳಿರಲಿಲ್ಲ. ಕೊನೆಗೆ ನನ್ನ ದೊಡ್ಡಸ್ತಿಕೆ ನನ್ನನ್ನೇ ಅಟ್ಟಕ್ಕೇರಿಸಿತು.

"ಒಂದು ಕೆಲಸ ಮಾಡುವ. ಇದನ್ನು ನಾನೇ ಕನ್ನಡಕ್ಕೆ ಮಾಡಿ, ಚಂದದಲ್ಲಿ ಸೆಟ್ ಮಾಡಿ ಕೊಡ್ತೇನೆ. ನಮ್ಮ ಮನೆಗೆ ಮಾತ್ರ ಅಲ್ಲ, ಇಡೀ ಪಂಚಾಯತಿಗೆ ಆಗ್ತದೆ. ಆಫೀಸಿನವರಿಗೂ ಗೊತ್ತಾಗಲಿ."

"ಹಾಗಾದ್ರೆ ಒಳ್ಳೆದಾಯ್ತು ಅಣ್ಣ." ಆಕೆಯ ಮುಖ ನಿಜವಾಗಿಯೂ ಅರಳಿತು. "ಯಾವಾಗ ಆಗ್ಬಹುದು?"

"ನಾಳೆ."

ಆ ದಿನ ಕೂತದ್ದಂತೂ ಹೌದು. ಮೇಲೆ ನಡುವಿನಲ್ಲಿ ಸಮ್ಮತಿ ಪತ್ರ ಎಂದು ಟೈಪು ಮಾಡಿದೆ. ಅಕ್ಷರ ಸಪ್ಪೆ ಎನಿಸಿತು, ಫಾಂಟು ಬದಲಿಸಿದೆ. ಅದೂ ಸರಿಬರಲಿಲ್ಲ, ಇನ್ನೊಂದು, ಮತ್ತೊಂದು. ಆಮೇಲೆ ಅಂಚು. ಮದುವೆ ಕಾಗದಗಳಿಗೆಂದು ನಾನೇ ಬಿಡಿಸಿ ಇಟ್ಟಿದ್ದ ಹೂಬಳ್ಳಿಯ ಅಂಚೊಂದು ಇತ್ತು, ಅದನ್ನು ನಾಲ್ಕೂ ಬದಿಗೆ ಕೂರಿಸಿ, ಮೂಲೆಯಲ್ಲಿ ಬಳ್ಳಿಯ ತುದಿ ಒಂದಕ್ಕೊಂದು ಸೇರುವಂತೆ ಮಾಡುವಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು. ಊಟ ಮುಗಿಸಿ ಬಂದು ಒಂದೇ ಒಂದು ಚರಂಡಿ ನೋಡಿ ಶುರು ಮಾಡುವ ಎಂದುಕೊಂಡೆ.

ಮುಂದಿನ ವಾರ ಆಕೆ ಕೇಳಲು ಬಂದಳು. "ಫಾಂಟು ಸರಿ ಕೂರುದಿಲ್ಲ. ಒತ್ತಕ್ಷರ ಒಡೀತದೆ" ಎಂದೆ. ಹಾಗೇನೂ ಇರಲಿಲ್ಲ. ಇನ್ನೊಮ್ಮೆ ಬಂದಳು, ಪ್ರಿಂಟರಿನ ಶಾಯಿ ಮುಗಿದಿದೆ ಎಂದೆ. ಮೂರನೆಯ ಸಲ ಬಂದಾಗ ಹೆಡ್‌ಫೋನನ್ನು ಒಂದೇ ಕಿವಿಯಿಂದ ತೆಗೆದು, "ನಾನೇ ಆಫೀಸಿಗೆ ತಂದು ಕೊಡ್ತೇನೆ, ನೀವು ಇದಕ್ಕೇಂತ ನಡೆದು ಬರುದು ಬೇಡ" ಎಂದು ಸಿಡುಕಿದೆ. "ಆಯ್ತು ಅಣ್ಣ" ಎಂದು ಹೋದಳು. ಮತ್ತೆ ಬರಲಿಲ್ಲ. ಬರಬೇಡಿ ಎಂದವರ ಮನೆಗೆ ಯಾರು ಬರುತ್ತಾರೆ?

ನಾನು ಮರೆತೆ. ಮರೆತೆ ಎಂದರೆ ಯಾರೂ ನಂಬಲಿಕ್ಕಿಲ್ಲ, ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ನಿಜಕ್ಕೂ ಮರೆತೆ. ಮಾಡುತ್ತೇನೆ ಎಂದು ಹೇಳಿದ ಕೂಡಲೇ ಮಾಡಿ ಮುಗಿಸಿದಷ್ಟೇ ತೃಪ್ತಿ ಪಡುವ ಜಾತಿಯವನು ನಾನು.

ಮರುವರ್ಷದ ಮಳೆಗಾಲದಲ್ಲಿ ಅಮ್ಮ ಅಂಗಳದ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕಾಲು ಊರಲಾಗುತ್ತಿರಲಿಲ್ಲ. ರಿಕ್ಷಾ ರಸ್ತೆಯಲ್ಲೇ ನಿಂತಿತು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೆರೆಮನೆಯ ಮೂವರು ಮತ್ತು ನಾನು ಹೊತ್ತುಕೊಂಡು ಹೋದೆವು. ಓಣಿಯಲ್ಲಿ ನೀರು, ನೀರಿನಡಿಯಲ್ಲಿ ಕಲ್ಲು. ಅಮ್ಮ ನೋವಿನಲ್ಲೂ, "ನಿಮಗೆಲ್ಲ ಉಪದ್ರ ಆಯ್ತಲ್ಲ ಮಕ್ಕಳೇ" ಎಂದು ಹೊರುವವರ ಕ್ಷಮೆ ಕೇಳುತ್ತಿದ್ದಳು. ಮೂಳೆ ಮುರಿದಿರಲಿಲ್ಲ, ಪುಣ್ಯ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಪಂಚಾಯತಿನವರು ಎಂತ ಮಾಡ್ತಿದ್ದಾರೆ, ಮೆಂಬರ್ ಎಂತ ಮಾಡ್ತಿದ್ದಾಳೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗೊಣಗಿದೆ. ನೀವು ಎಂಬುದು ಅಲ್ಲೇ ಹೋಯಿತು.

ಸ್ವಲ್ಪ ದಿನದಲ್ಲಿ ಶಾಲೆಯ ಹಾಲಿನಲ್ಲಿ ಗ್ರಾಮಸಭೆ. ನಾನು ಸಾಧಾರಣವಾಗಿ ಹೋಗುವವನಲ್ಲ. ಸಭೆಗೆ ಜನ ಸಾಲದಿದ್ದರೆ ಹಾಜರಿ ಪುಸ್ತಕ ಮನೆಗೇ ಬರುತ್ತದೆ, ಸಹಿ ಹಾಕಿ ಕಳಿಸುತ್ತೇನೆ. ಈ ಸಲ ಹೋದೆ. ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಲೇ ಎದ್ದು ನಿಂತು, ನಮ್ಮ ದಾರಿ ಎಂತ ಆಯ್ತು ಎಂದು ಕೇಳಿದೆ.

ಆಕೆ ಹೇಳಿದ್ದು ಇಷ್ಟು: "ಆ ದಾರಿ ಈಗ ನನ್ನಿಂದ ಆಗುದಿಲ್ಲ ಅಣ್ಣ. ಒಂದು ಮನೆಯವರ ಸಮ್ಮತಿ ಪತ್ರ ಬರ್ಲಿಕ್ಕೆ ಬಾಕಿ ಉಂಟು. ಯಾರಂತ ಇಲ್ಲಿ ಹೇಳುದು ಸರಿಯಲ್ಲ. ಅದು ಸಿಕ್ಕಿದ್ರೆ ಮರುದಿನವೇ ಫೈಲು ಹೋಗ್ತದೆ."

ಹೇಳುವಾಗ ಆಕೆ ನನ್ನನ್ನೇ ನೋಡುತ್ತಿದ್ದಳು. ಪ್ರಶ್ನೆ ಕೇಳಿದವನು ನಾನಲ್ಲವೇ, ಮತ್ತೆ ಯಾರನ್ನು ನೋಡುವುದು ಎಂದುಕೊಂಡೆ. ಒಂದು ಮನೆ ಎಂದ ಕೂಡಲೇ ನಾನು ತಿರುಗಿ ನೋಡಿದ್ದು ಮುಂದಿನ ಬೆಂಚಿನಲ್ಲಿದ್ದ ನಮ್ಮ ಎದುರುಮನೆಯವನನ್ನು. ಗಲ್ಫಿನಿಂದ ಬಂದು ದೊಡ್ಡ ಗೇಟು ಇಟ್ಟವನು. ಅವನೇ ಎಂದು ನಿಶ್ಚಯ ಮಾಡಿಬಿಟ್ಟೆ. ಅವನು ಎಲ್ಲರಿಗಿಂತ ಮೊದಲು ಸಹಿ ಹಾಕಿ ಕೊಟ್ಟಿದ್ದ ಎಂದು ಗೊತ್ತಾದದ್ದು ತುಂಬ ಕಾಲದ ಮೇಲೆ.

ಮನೆಗೆ ಬಂದು ಎಡಿಟಿಂಗ್‌ಗೆ ಕೂತೆ. ಉದ್ದದ್ದು ಯಾರೂ ನೋಡುವುದಿಲ್ಲ, ಒಂದು ನಿಮಿಷದೊಳಗೆ ಇರಬೇಕು. ಮೊದಲು ಓಣಿಯ ನೀರು. ಆಮೇಲೆ ನನ್ನ ಪ್ರಶ್ನೆ. ಆಮೇಲೆ ಆಕೆಯ ಮೊದಲ ವಾಕ್ಯದ ತುಂಡು: "ನನ್ನಿಂದ ಆಗುದಿಲ್ಲ." ಅದನ್ನೇ ಮೂರು ಸಲ ಹಾಕಿ, ಒಂದೊಂದರ ಹಿಂದೆ ಕಾಗೆ ಕೂಗುವ ಸದ್ದು ಸೇರಿಸಿದೆ. ಆ ಉಳಿದ ಮೂರು ವಾಕ್ಯ ನನಗೆ ಕೇಳಿಸಲಿಲ್ಲವೇ? ಕೇಳಿಸಿತು. ಕತ್ತರಿಸುವ ಜಾಗ ಸರಿಯಾಗಿ ಸಿಗಬೇಕೆಂದು ಐದಾರು ಸಲ ಹಿಂದೆ ಮುಂದೆ ಓಡಿಸಿ ಕೇಳಿದ್ದೇನೆ. ಅದು ಇದ್ದರೆ ತಮಾಷೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೇ ತೆಗೆದೆ. ಮರೆವಿಗೆ ಕ್ಷಮೆ ಕೇಳಬಹುದು. ಈ ಕತ್ತರಿಗೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ವಿಡಿಯೋ ಓಡಿತು. ವಾರ್ಡಿನ ಗ್ರೂಪಿನಿಂದ ಪಂಚಾಯತಿನ ಗ್ರೂಪಿಗೆ, ಅಲ್ಲಿಂದ ಎಲ್ಲೆಲ್ಲಿಗೋ. ಕುಂಜತ್ತೂರಿನಲ್ಲಿ ಬಸ್ಸಿಗೆ ಕಾಯುವಾಗ ಪರಿಚಯವಿಲ್ಲದ ಒಬ್ಬರು, "ಕಾಗೆ ವಿಡಿಯೋದವರಲ್ವಾ?" ಎಂದು ಕೈ ಕುಲುಕಿದರು. ಮೊಗ್ರಾಲಿನ ನೆಂಟರೊಬ್ಬರು ಫೋನು ಮಾಡಿ ನಕ್ಕರು. ವರ್ಷಗಟ್ಟಲೆ ಒತ್ತಕ್ಷರದ ಪಾಠ ಹೇಳಿದರೂ ಬಾರದ ಜನ ಒಂದು ಕಾಗೆಗೆ ಬಂದರು. ನನ್ನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಎಷ್ಟು ಜನ ನೋಡಿದರು ಎಂಬ ಲೆಕ್ಕವನ್ನು ದಿನಕ್ಕೆ ಎಷ್ಟು ಸಲ ತೆರೆದು ನೋಡುತ್ತಿದ್ದೆನೋ, ಅಮ್ಮ ಮದ್ದು ಕೇಳಿದರೂ ಒಂದು ನಿಮಿಷ ಎನ್ನುತ್ತಿದ್ದೆ.

ರಿಕ್ಷಾ ಸ್ಟ್ಯಾಂಡಿನವರು ಆಕೆ ಆ ಕಡೆ ಹೋದರೆ ಕಾ ಕಾ ಎನ್ನತೊಡಗಿದರು. ಒಂದು ದಿನ ಹಾಗೆ ಕೂಗುವಾಗ ನಾನೂ ಅಲ್ಲಿದ್ದೆ. ಆಕೆಯ ಕೈಯಲ್ಲಿ ಮೀನಿನ ಪ್ಲಾಸ್ಟಿಕ್ ತೊಟ್ಟೆ ಇತ್ತು. ನನ್ನನ್ನು ನೋಡಿ, "ಅಮ್ಮ ಹೇಗಿದ್ದಾರೆ ಅಣ್ಣ?" ಎಂದು ಕೇಳಿದಳು. "ಪರ್ವಾಗಿಲ್ಲ" ಎಂದೆ. ಆಕೆ ಮುಂದೆ ಹೋದ ಮೇಲೆ ಮತ್ತೊಮ್ಮೆ ಯಾರೋ ಕೂಗಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ.

ಚುನಾವಣೆ ಹತ್ತಿರ ಬಂತು. ವಾರ್ಡಿನ ಗಡಿ ಬದಲಾಗಿ, ಮೀಸಲಾತಿಯೂ ಹೋಗಿ, ಯಾರು ಬೇಕಾದರೂ ನಿಲ್ಲಬಹುದು ಎಂದಾಗಿತ್ತು. ಆದರೂ ಆಕೆಯನ್ನೇ ನಿಲ್ಲಿಸಬೇಕು ಎಂದು ಪಕ್ಷದ ಕೆಲವರಿಗೆ ಇತ್ತಂತೆ. ಐದು ವರ್ಷದಲ್ಲಿ ಪೆನ್ಶನ್ನಿನ ಅರ್ಜಿಗೆ, ಮನೆಯ ಅರ್ಜಿಗೆ ಆಕೆ ನಡೆಯದ ದಿನವಿಲ್ಲ. ಚಹಾದ ಅಂಗಡಿಯಲ್ಲಿ ಆ ಪಕ್ಷದವನೊಬ್ಬ ಇನ್ನೊಬ್ಬನಿಗೆ ಹೇಳುವುದು ಕೇಳಿಸಿತು. "ಕೆಲಸ ಮಾಡಿದ್ದಾಳೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಆ ಕಾಗೆ ವಿಡಿಯೋ ಉಂಟಲ್ಲ ಮಾರಾಯ, ಅದರ ಮೇಲೆ ಹೇಗೆ ವೋಟು ಕೇಳುದು?" ಬೇರೆ ಒಬ್ಬನನ್ನು ನಿಲ್ಲಿಸಿದರು. ನಾನು ಮೂಲೆಯಲ್ಲಿ ಕೂತು, ನನ್ನ ಒಂದು ವಿಡಿಯೋ ಟಿಕೆಟು ತಪ್ಪಿಸುವಷ್ಟು ದೊಡ್ಡದಾಯಿತೇ ಎಂದು ಬೀಗುತ್ತಾ ಚಹಾ ಕುಡಿದೆ. ಆ ಚಹಾ ಎಷ್ಟು ರುಚಿಯಾಗಿತ್ತು ಎಂಬುದು ಈಗಲೂ ನೆನಪಿದೆ.

ಅದೇ ವಾರ ಕಂಪ್ಯೂಟರಿನ ಡಿಸ್ಕ್ ತುಂಬಿ ಕೆಂಪು ಗೆರೆ ತೋರಿಸಿತು. ಹಳೆಯದನ್ನೆಲ್ಲ ಅಳಿಸುತ್ತಾ ಕೂತೆ. ಸತ್ತುಹೋದವರ ಮದುವೆ ಕಾಗದ, ನಿಂತುಹೋದ ಯಕ್ಷಗಾನ ಮೇಳದ ಹ್ಯಾಂಡ್‌ಬಿಲ್ಲು. ನಡುವಿನಲ್ಲಿ ಒಂದು ಫೈಲು, ಹೆಸರು ಸಮ್ಮತಿ. ಏನೆಂದು ನೆನಪಾಗದೆ ತೆರೆದೆ. ನಾಲ್ಕೂ ಬದಿಗೆ ಹೂಬಳ್ಳಿ. ಮೂಲೆಗಳಲ್ಲಿ ಬಳ್ಳಿಯ ತುದಿ ಒಂದಕ್ಕೊಂದು ಚಂದದಲ್ಲಿ ಸೇರಿದೆ. ಮೇಲೆ ದಪ್ಪ ಅಕ್ಷರದಲ್ಲಿ ಸಮ್ಮತಿ ಪತ್ರ. ಕೆಳಗೆ ಏನೂ ಇಲ್ಲ.

ಮೇಜಿನ ಡ್ರಾವರ್ ಎಳೆದು, ಹಳೆಯ ಕಾಗದಗಳ ಮಾದರಿಗಳ ನಡುವೆ ಹುಡುಕಿದೆ. ಇತ್ತು. ಆಕೆ ಕೊಟ್ಟ ಮಲಯಾಳದ ಹಾಳೆ. ಅಮ್ಮನ ಹೆಸರು, ಸರ್ವೆ ನಂಬರು ಎಲ್ಲ ಆಕೆಯೇ ತುಂಬಿಸಿದ್ದಳು. ಅಮ್ಮನಿಗೆ ತಿಳಿಯಲೆಂದು ಸಹಿ ಹಾಕಬೇಕಾದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು. ಒಂದು ನಿಮಿಷದ ಕೆಲಸ ಮಾತ್ರ ಬಾಕಿ ಇಟ್ಟು ಕೊಟ್ಟಿದ್ದಳು.

ಗ್ರಾಮಸಭೆಯ ಪೂರ್ತಿ ವಿಡಿಯೋ ಇನ್ನೂ ಅಳಿಸಿರಲಿಲ್ಲ. ಹಾಕಿ ನೋಡಿದೆ. ಯಾರಂತ ಇಲ್ಲಿ ಹೇಳುದು ಸರಿಯಲ್ಲ ಎನ್ನುವಾಗ ಆಕೆಯ ಕಣ್ಣು ನೇರ ನನ್ನ ಮೊಬೈಲಿನ ಮೇಲಿತ್ತು. ಬೇಡಿಕೊಳ್ಳುವ ಕಣ್ಣು ಅದು. ಅಷ್ಟು ಸಲ ಹಿಂದೆ ಮುಂದೆ ಓಡಿಸಿದವನಿಗೆ ಅದು ಕಂಡಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಊರಿನ ರಾಜಕಾರಣಿಗಳನ್ನೆಲ್ಲ ಹಂಗಿಸುತ್ತಿದ್ದವನು ನಾನು.

ಕಾಗದವನ್ನು ಅಮ್ಮನ ಹತ್ತಿರ ಕೊಂಡುಹೋದೆ.

"ಎಂತದು ಇದು?"

"ದಾರಿಯದ್ದು. ಜಾಗ ಬಿಡುವುದಕ್ಕೆ ಸಹಿ."

ಅಮ್ಮ ಕನ್ನಡಕ ತರಿಸಿ, ಓದಲು ಬಾರದ ಲಿಪಿಯನ್ನು ಸ್ವಲ್ಪ ಹೊತ್ತು ನೋಡಿದಳು. "ಆ ಹುಡುಗಿ ಮೊದಲು ಬರ್ತಾ ಇದ್ದದ್ದು ಇದಕ್ಕೆಯಾ?"

ಹೌದು ಎಂದೆ.

"ನನ್ನ ಹತ್ರ ಒಂದು ಮಾತು ಹೇಳಿದ್ರೆ ನಾನು ಆಗಲೇ ಹಾಕ್ತಿದ್ದೆ ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆನ್ಸಿಲಿನ ಗುರುತಿನ ಮೇಲೆ ಕನ್ನಡದಲ್ಲಿ ಸಹಿ ಹಾಕಿದಳು. ಅಮ್ಮ ಆಮೇಲೆ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಆಕೆ ಇಲ್ಲದ ಹೊತ್ತು ನೋಡಿ ಪಂಚಾಯತ್ ಆಫೀಸಿಗೆ ಹೋಗಿ, ಕೌಂಟರಿನಲ್ಲಿ ಕಾಗದ ಕೊಟ್ಟು ಬಂದೆ. ಅದೇ ಮಲಯಾಳದ ಕಾಗದ. ಕನ್ನಡದ ಹಕ್ಕು ಆ ದಿನ ನನ್ನ ಬಾಯಲ್ಲಿ ಬರಲಿಲ್ಲ. ಚಾನೆಲಿನಿಂದ ವಿಡಿಯೋ ತೆಗೆದೆ, ಆದರೆ ಜನರ ಮೊಬೈಲಿನಲ್ಲಿದ್ದದ್ದನ್ನು ತೆಗೆಯುವುದು ಹೇಗೆ? ಗ್ರೂಪಿನಲ್ಲಿ ಹಾಕಲು ಕ್ಷಮಾಪಣೆ ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ ಎಂದೆಲ್ಲ ಗಾದೆ ಸೇರಿಸಿ ಚಂದ ಮಾಡಿದೆ. ಓದಿ ಅಳಿಸಿದೆ. ಈಗ ಹೇಳಿದರೆ ಚುನಾವಣೆಯ ರಾಜಕೀಯ ಎಂದಾಗುತ್ತದೆ, ಮುಗಿಯಲಿ ಎಂದುಕೊಂಡೆ. ಚುನಾವಣೆ ಮುಗಿಯಿತು, ಪಕ್ಷದವರು ನಿಲ್ಲಿಸಿದವನೇ ಗೆದ್ದ. ಈಗ ಹೇಳಿ ಏನು ಪ್ರಯೋಜನ ಎಂದುಕೊಂಡೆ. ಹೇಳದೆ ಇರುವುದಕ್ಕೆ ಕಾರಣ ನನಗೆ ಎಂದೂ ಕಡಿಮೆಯಾಗಲಿಲ್ಲ.

ದಾರಿ ಆಯಿತು. ಪ್ರತಿ ವರ್ಷವೂ ಆ ಕೆಲಸ ಪಟ್ಟಿಯಿಂದ ಬಿಟ್ಟುಹೋಗದಂತೆ ಆಕೆ ಹೇಳಿ ಹೇಳಿ ಇಡಿಸಿದ್ದಳಂತೆ, ಆದ್ದರಿಂದ ಸಮ್ಮತಿ ಪತ್ರ ಸಿಕ್ಕಿದ ಮೇಲೆ ತಡವಾಗಲಿಲ್ಲ. ಗೋಡೆ ಒಡೆದರು, ಹಿಂದೆ ಸರಿಸಿ ಕಟ್ಟಿದರು, ಕಾಂಕ್ರೀಟು ಬಿತ್ತು. ಮೊದಲ ದಿನ ರಿಕ್ಷಾ ನಮ್ಮ ಮೆಟ್ಟಿಲಿನವರೆಗೆ ಬಂದಾಗ ಅಮ್ಮ ಅದರ ಸೀಟನ್ನು ಕೈಯಿಂದ ಸವರಿ ನೋಡಿ ಹತ್ತಿದಳು.

ಉದ್ಘಾಟನೆಗೆ ಶಾಮಿಯಾನ, ಮೈಕು, ರಿಬ್ಬನ್ನು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಆಕೆ ಹಿಂದೆ ಗೋಡೆಯ ಬದಿಯಲ್ಲಿ, ಉದ್ಯೋಗ ಖಾತರಿಯ ಹೆಂಗಸರ ಜೊತೆ ನಿಂತಿದ್ದಳು. ಹೊಸ ಮೆಂಬರ್ ಭಾಷಣ ಮಾಡಿದ. "ಈ ದಾರಿ ಆದದ್ದು ಯಾರಿಂದ? ನಮ್ಮ ಈ ಅಣ್ಣನಿಂದ. ಅವರು ಆ ವಿಡಿಯೋ ಹಾಕದೆ ಇದ್ದಿದ್ರೆ ಇವತ್ತೂ ನಾವು ನೀರಲ್ಲೇ ನಡೀಬೇಕಿತ್ತು." ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ಕಾ ಎಂದರು, ನಗು ಎದ್ದಿತು. ನನ್ನನ್ನು ಎಬ್ಬಿಸಿ ಶಾಲು ಹೊದೆಸಿದರು. ಎರಡು ಮಾತು ಹೇಳಿ ಎಂದು ಮೈಕು ಕೈಗೆ ಕೊಟ್ಟರು.

ಹೇಳಬೇಕಾದದ್ದು ಒಂದೇ ಮಾತು. ಆ ಒಂದು ಮನೆ ನಮ್ಮದು. ಇಷ್ಟೇ. "ಎಲ್ಲರಿಗೂ ಧನ್ಯವಾದ. ದಾರಿಯನ್ನು ಚಂದದಲ್ಲಿ ಇಟ್ಟುಕೊಳ್ಳುವ" ಎಂದೆ. ಮೈಕು ಹಿಂದೆ ಕೊಟ್ಟು ಕೂತೆ. ಮನೆಗೆ ಬಂದ ಮೇಲೆ ಅಮ್ಮ ಆ ಶಾಲನ್ನು ಮುಟ್ಟಲಿಲ್ಲ, ನಾನೇ ಮಡಚಿ ಇಟ್ಟೆ.

ಎರಡು ದಿನ ಬಿಟ್ಟು ಆಕೆ ನಮ್ಮ ಮನೆಗೆ ಬಂದಳು. ಮತ್ತೆ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವುದಕ್ಕೆ ಯಾವುದೋ ಅರ್ಜಿ, ಅದಕ್ಕೆ ಆಧಾರ್ ಕಾರ್ಡಿನ ಪ್ರತಿ ಬೇಕಿತ್ತು. ಕಾರ್ಡನ್ನು ಸ್ಕ್ಯಾನರಿನಲ್ಲಿಟ್ಟು ಮುಚ್ಚಳ ಹಾಕಿದೆ. ಈ ಸಲ ಕೂತುಕೊಳ್ಳಿ ಎಂದೆ. ಆಕೆ ಕೂತಳು.

"ನಿಮ್ಮ ಹತ್ರ ಒಂದು ಹೇಳ್ಲಿಕ್ಕೆ ಉಂಟು" ಎಂದೆ.

"ಆ ಕಾಗದದ್ದಾ? ಅದು ನನಗೆ ಗೊತ್ತುಂಟಲ್ಲ ಅಣ್ಣ. ಕೊಟ್ಟದ್ದು ನಾನೇ ಅಲ್ವಾ."

"ಮತ್ತೆ ಆ ದಿನ ಗ್ರಾಮಸಭೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಮ್ಮನ ಹೆಸರು ಹೇಳ್ಬೇಕಿತ್ತು. ಜಾಗ ಅವರದ್ದು. ಮತ್ತೆ ಅವರು ಬಿದ್ರೆ ಕುರ್ಚಿ ಹೊರ್ಲಿಕ್ಕೆ ಯಾರು ಬರ್ತಿದ್ರು?"

"ವಿಡಿಯೋ ಬಂದ ಮೇಲಾದ್ರೂ..."

"ಆಗ ನಾನು ಹೇಳಿದ್ರೆ ಯಾರು ನಂಬುದು ಅಣ್ಣ?"

ಪ್ರಿಂಟರಿನಿಂದ ಹಾಳೆ ಹೊರಗೆ ಬಂತು. ಆಕೆ ಎದ್ದು ಅದನ್ನು ತೆಗೆದುಕೊಂಡು, ಮಡಚಿ ಚೀಲದಲ್ಲಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಹತ್ತಿರ ಹೋದವಳು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು.

"ಮೊನ್ನೆ ಮೈಕು ನಿಮ್ಮ ಕೈಯಲ್ಲಿತ್ತು. ನೀವು ಹೇಳ್ತೀರಿ ಅಂತ ಎಣಿಸಿ ನಾನು ಹಿಂದಿನಿಂದ ಎದುರಿಗೆ ಬಂದು ನಿಂತಿದ್ದೆ."

ಹೌದು. ಹೆಂಗಸರನ್ನು ದಾಟಿ, ಕುರ್ಚಿಗಳ ಬದಿಯಿಂದ ಆಕೆ ಎದುರಿಗೆ ಬಂದದ್ದನ್ನು ನಾನು ನೋಡಿದ್ದೆ. ನೋಡಿದ್ದಕ್ಕೇ ಮೈಕನ್ನು ಅಷ್ಟು ಬೇಗ ಹಿಂದೆ ಕೊಟ್ಟದ್ದು. ಮೇಲೆ ಆ ದಿನದ ವಿಷಯ ಬರೆಯುವಾಗ ಇದನ್ನೂ ಬಿಟ್ಟಿದ್ದೆ.